53,760 ಶಾಲೆಗಳ ಕನಸು: ಜಪಾನಿನ ಶಾಲಾ ಯೋಜನೆ ಕಾಗದದಿಂದ ಊರಿಗೆ ಬಂದ ಬಗೆ

ಪ್ರತಿ ವರ್ಷ ಶಾಲೆ ಆರಂಭವಾಗುವ ದಿನಗಳಲ್ಲಿ ನಮ್ಮ ಶಿಕ್ಷಕರ ಕೊಠಡಿಯ ಮೇಜಿನ ಮೇಲೆ ಒಂದು ನಮೂನೆ ಬಂದು ಕೂರುತ್ತದೆ. ಅದರ ಹೆಸರು ಶಾಲಾ ಅಭಿವೃದ್ಧಿ ಯೋಜನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯು ಈ ಯೋಜನೆಯನ್ನು ಸಿದ್ಧಪಡಿಸುವ ಹೊಣೆಯನ್ನು ಶಾಲಾ ಸಮಿತಿಗೆ, ಅಂದರೆ ಮಕ್ಕಳ ತಂದೆ ತಾಯಂದಿರಿಗೇ ಕೊಟ್ಟಿದೆ. ಆದರೆ ಬಹಳ ಕಡೆ ನಡೆಯುವುದೇನು? ಶಿಕ್ಷಕರೊಬ್ಬರು ಹಳೆಯ ಕಡತ ತೆಗೆದು ಹೋದ ವರ್ಷದ ಅಂಕಿಗಳನ್ನು ಸ್ವಲ್ಪ ತಿದ್ದಿ ಬರೆಯುತ್ತಾರೆ, ಸಮಿತಿಯ ಸದಸ್ಯರು ಸಹಿ ಹಾಕುತ್ತಾರೆ, ನಮೂನೆ ಕಚೇರಿಗೆ ಹೋಗುತ್ತದೆ. ಯೋಜನೆ ಮುಗಿಯಿತು! ನಾನೂ ಹೀಗೆ ತುಂಬಿದವರಲ್ಲಿ ಒಬ್ಬ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಯೋಜನೆ ಬರೆಯುವುದಕ್ಕೂ ಅದನ್ನು ನಡೆಸುವುದಕ್ಕೂ ಎಷ್ಟು ದೂರ ಎಂಬುದನ್ನು ತಿಳಿಯಬೇಕಾದರೆ ಜಪಾನ್ ದೇಶದ ಶಿಕ್ಷಣದ ಇತಿಹಾಸವನ್ನು ಓದಬೇಕು. ಒಂದು ಇಡೀ ದೇಶವನ್ನು ಶಾಲಾ ವಲಯಗಳಾಗಿ ಹಂಚಿ, ಪ್ರತಿ ವಲಯಕ್ಕೂ ಒಂದು ಶಾಲೆ ಎಂದು ಕಾಗದದ ಮೇಲೆ ಬರೆದು, ಅದನ್ನು ನಿಜ ಮಾಡಲು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಏಗಿದ ಕಥೆ ಅದು. ಅದರಲ್ಲಿ ಗೆಲುವು ಇದೆ, ಸೋಲು ಇದೆ, ಬೆಂಕಿಗೆ ಆಹುತಿಯಾದ ಶಾಲೆಗಳೂ ಇವೆ.

ಲೆಕ್ಕ ಬಹಳ ಸೊಗಸಾಗಿತ್ತು

1868ರಲ್ಲಿ ಜಪಾನಿನಲ್ಲಿ ಹಳೆಯ ಸೇನಾಧಿಪತಿಗಳ ಆಡಳಿತ ಕೊನೆಗೊಂಡು ಮೇಜಿ ಚಕ್ರವರ್ತಿಯ ಯುಗ ಆರಂಭವಾಯಿತು. 1871ರಲ್ಲಿ ಶಿಕ್ಷಣ ಸಚಿವಾಲಯ ಸ್ಥಾಪನೆಯಾಯಿತು. ಮರುವರ್ಷವೇ, 1872ರಲ್ಲಿ, 'ಗಾಕುಸೇ' ಎಂಬ ಶಿಕ್ಷಣ ಶಾಸನ ಹೊರಬಿತ್ತು. ವಲಯಗಳ ವಿಂಗಡಣೆಗೆ ಫ್ರಾನ್ಸಿನ ಮಾದರಿಯನ್ನು ತೆಗೆದುಕೊಂಡಿದ್ದರು. ದೇಶವನ್ನು 8 ವಿಶ್ವವಿದ್ಯಾಲಯ ವಲಯಗಳಾಗಿ, ಅಂಥ ಪ್ರತಿ ವಲಯವನ್ನು 32 ಮಾಧ್ಯಮಿಕ ಶಾಲಾ ವಲಯಗಳಾಗಿ, ಅವುಗಳಲ್ಲಿ ಪ್ರತಿಯೊಂದನ್ನೂ 210 ಪ್ರಾಥಮಿಕ ಶಾಲಾ ವಲಯಗಳಾಗಿ ಹಂಚಲಾಯಿತು. ವಿದ್ಯಾರ್ಥಿಗಳು ಗುಣಾಕಾರ ಮಾಡಿ ನೋಡಲಿ: 8 ವಿಶ್ವವಿದ್ಯಾಲಯಗಳು, 256 ಮಾಧ್ಯಮಿಕ ಶಾಲೆಗಳು, 53,760 ಪ್ರಾಥಮಿಕ ಶಾಲೆಗಳು! ಸುಮಾರು 600 ಜನರಿಗೆ ಒಂದು ಪ್ರಾಥಮಿಕ ಶಾಲೆ. ಶ್ರೀಮಂತ, ಬಡವ, ಗಂಡು, ಹೆಣ್ಣು ಎಂಬ ಭೇದವಿಲ್ಲದೆ ಯಾವ ಊರಿನಲ್ಲೂ ಓದು ಬಾರದ ಮನೆ ಇರಬಾರದು, ಯಾವ ಮನೆಯಲ್ಲೂ ಓದು ಬಾರದ ವ್ಯಕ್ತಿ ಇರಬಾರದು ಎಂಬುದು ಅದರ ಗುರಿ.

ಗುರಿಯೇನೋ ದೊಡ್ಡದು, ಆದರೆ ಹಾಸಿಗೆ ಚಿಕ್ಕದು. ಹೊಸ ಸರಕಾರದ ಬೊಕ್ಕಸದಲ್ಲಿ ಹಣವಿರಲಿಲ್ಲ. ಕೇಂದ್ರದಿಂದ ಸಿಗುತ್ತಿದ್ದ ನೆರವು ಒಟ್ಟು ಖರ್ಚಿನಲ್ಲಿ ಚಿಕ್ಕ ಪಾಲು ಮಾತ್ರ. ಉಳಿದದ್ದನ್ನು ಊರಿನವರೇ ತೆರಿಗೆ, ವಂತಿಗೆ ಮತ್ತು ಶುಲ್ಕದ ರೂಪದಲ್ಲಿ ಕೊಡಬೇಕಾಗಿತ್ತು. ಪ್ರಾಥಮಿಕ ಶಾಲೆಗೆ ತಿಂಗಳಿಗೆ 50 ಸೆನ್, ಕೊಡಲಾಗದವರಿಗೆ 25 ಸೆನ್ ಎಂದು ಶುಲ್ಕ ಬರೆದಿಟ್ಟಿದ್ದರು. ನೂರು ಸೆನ್ನಿಗೆ ಒಂದು ಯೆನ್. ಅಂದಿನ ರೈತನಿಗೆ ಇದು ಹೊರಲಾರದ ಹೊರೆ. ಹೀಗಾಗಿ ಎಷ್ಟೋ ಕಡೆ ಅದಕ್ಕಿಂತ ಬಹಳ ಕಡಿಮೆ ವಸೂಲು ಮಾಡಬೇಕಾಯಿತು.

ಹೊಸ ಶಾಲೆಗಳಲ್ಲಿ ಬಹುಪಾಲು ನಡೆದದ್ದು ಬೌದ್ಧ ದೇವಾಲಯಗಳಲ್ಲಿ ಮತ್ತು ಯಾರದೋ ಮನೆಯ ಹಜಾರದಲ್ಲಿ. ಹೆಚ್ಚಿನ ಕಡೆ ಒಬ್ಬನೇ ಮೇಷ್ಟ್ರು. ಹಳೆಯ ಕಾಲದ 'ತೆರಕೋಯಾ' ಎಂಬ ಊರ ಮಠಗಳಲ್ಲಿ ಓದು, ಬರಹ, ಲೆಕ್ಕ ಹೇಳಿಕೊಡುತ್ತಿದ್ದವರೇ ರಾತ್ರೋರಾತ್ರಿ ಸರಕಾರಿ ಶಿಕ್ಷಕರಾದರು. ಶಿಕ್ಷಕರನ್ನು ತಯಾರು ಮಾಡಲು 1872ರಲ್ಲೇ ಟೋಕಿಯೋದಲ್ಲಿ ನಾರ್ಮಲ್ ಶಾಲೆ ತೆರೆದು, ಮೇರಿಯನ್ ಸ್ಕಾಟ್ ಎಂಬ ಅಮೆರಿಕನ್ ಶಿಕ್ಷಕನನ್ನು ನೇಮಿಸಿದರು. ಇಡೀ ತರಗತಿಗೆ ಒಟ್ಟಿಗೆ ಪಾಠ ಮಾಡುವುದು, ಕರಿಹಲಗೆ ಬಳಸುವುದು, ಗೋಡೆಗೆ ಪಟ ತೂಗುಹಾಕಿ ಪ್ರಶ್ನೆ ಕೇಳುವುದು ಅಲ್ಲಿಂದ ಊರೂರಿಗೆ ಹರಡಿತು.

ಬೆಂಕಿ ಬಿದ್ದ ಶಾಲೆಗಳು

1873ರಲ್ಲಿ ಶಾಲೆಗೆ ದಾಖಲಾದವರು ಶೇ. 28. ಗಂಡುಮಕ್ಕಳು ಸುಮಾರು ಶೇ. 40, ಹೆಣ್ಣುಮಕ್ಕಳು ಕೇವಲ ಶೇ. 15. ಅದೇ ವರ್ಷ ಒಕಯಾಮಾ, ಕಗಾವಾ ಮುಂತಾದ ಕಡೆ ರೈತರು ದಂಗೆ ಎದ್ದರು. 1876ರಲ್ಲಿ ಇಸೆ ಪ್ರದೇಶದಲ್ಲಿ ಭೂಕಂದಾಯದ ವಿರುದ್ಧ ದೊಡ್ಡ ದಂಗೆಯಾಯಿತು. ಕಡ್ಡಾಯ ಸೈನ್ಯ ಸೇವೆ ಮತ್ತು ಹೊಸ ಕಂದಾಯದ ಮೇಲಿನ ಸಿಟ್ಟು ಶಾಲೆಗಳ ಮೇಲೂ ತಿರುಗಿತು. ಕಟ್ಟಡಗಳನ್ನು ಒಡೆದರು, ಸುಟ್ಟರು.

ಈ ರೈತರು ವಿದ್ಯೆಯ ಶತ್ರುಗಳೇ? ಹಾಗೆಂದು ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ಆದರೆ ಇದೇ ಜನ ಹಿಂದೆ ತೆರಕೋಯಾಗಳಿಗೆ ತಮ್ಮ ಮಕ್ಕಳನ್ನು ತಾವಾಗಿಯೇ ಕಳುಹಿಸುತ್ತಿದ್ದರು. ಹೊಸ ಶಾಲೆ ಅವರನ್ನು ಕೇಳದೆ ಬಂತು, ಕೂಲಿ ಮಾಡುವ ಎರಡು ಕೈಗಳನ್ನು ಮನೆಯಿಂದ ಕಿತ್ತುಕೊಂಡಿತು, ಮೇಲೆ ಹಣವನ್ನೂ ಕೇಳಿತು. ಕಲಿಸಿದ್ದಾದರೂ ಏನು? ಪಾಶ್ಚಾತ್ಯ ಪುಸ್ತಕಗಳಿಂದ ಅನುವಾದಿಸಿದ, ಹಳ್ಳಿಯ ಮಗುವಿಗೆ ತಲೆಬುಡ ತಿಳಿಯದ ಪಾಠಗಳು.

ಇದಕ್ಕೆ ವಿರುದ್ಧವಾದ ಚಿತ್ರವೂ ಉಂಟು. ಶಾಸನ ಬರುವುದಕ್ಕೆ ಮೊದಲೇ, 1869ರಲ್ಲಿ, ಕ್ಯೋಟೋ ನಗರದ ಜನ ತಮ್ಮ ಬಡಾವಣೆಗಳಲ್ಲಿ 64 ಪ್ರಾಥಮಿಕ ಶಾಲೆಗಳನ್ನು ಸ್ಥಾಪಿಸಿಕೊಂಡಿದ್ದರು. ಒಲೆ ಉರಿಯುವ ಪ್ರತಿ ಮನೆಯಿಂದಲೂ ವಂತಿಗೆ ಎತ್ತಿದ್ದರಿಂದ ಅದಕ್ಕೆ 'ಒಲೆಯ ಹಣ' ಎಂದೇ ಹೆಸರಾಯಿತು. ಮಕ್ಕಳಿಲ್ಲದ ಮನೆಯೂ ಕೊಡುತ್ತಿತ್ತು. ಆ ಶಾಲೆಯ ಕಟ್ಟಡವೇ ಬಡಾವಣೆಯ ಸಭಾಂಗಣ, ಅದೇ ಬೆಂಕಿ ಕಾವಲಿನ ಠಾಣೆ. ನಾಗಾನೋ ಪ್ರಾಂತದ ಮಾತ್ಸುಮೋತೋ ಊರಿನಲ್ಲಿ 1876ರಲ್ಲಿ ಕಟ್ಟಿದ ಕೈಚಿ ಶಾಲೆಯ ವೆಚ್ಚದಲ್ಲಿ ಸುಮಾರು ಶೇ. 70 ಊರವರ ದೇಣಿಗೆ. ಸ್ಥಳೀಯ ಬಡಗಿಯೊಬ್ಬ ಪಾಶ್ಚಾತ್ಯ ಕಟ್ಟಡಗಳನ್ನು ನೋಡಿಬಂದು ತನ್ನ ಕೈಚಳಕದಿಂದ ಕಟ್ಟಿದ ಆ ಗೋಪುರದ ಶಾಲೆಯಲ್ಲಿ 1963ರವರೆಗೂ ಮಕ್ಕಳು ಓದಿದರು. 2019ರಲ್ಲಿ ಅದು ರಾಷ್ಟ್ರೀಯ ನಿಧಿ ಎಂದು ಘೋಷಿತವಾಯಿತು. ಒಂದೇ ದೇಶ, ಒಂದೇ ದಶಕ. ಒಂದು ಕಡೆ ಜನರೇ ಶಾಲೆ ಸುಟ್ಟರು, ಇನ್ನೊಂದು ಕಡೆ ಜನರೇ ಶಾಲೆ ಕಟ್ಟಿದರು. ನಮ್ಮದು ಎನಿಸಿದ್ದು ಉಳಿಯಿತು, ಹೇರಿದ್ದು ಎನಿಸಿದ್ದು ಉರಿಯಿತು.

ತಿದ್ದಿದರು, ಎಡವಿದರು, ಮತ್ತೆ ತಿದ್ದಿದರು

ಜಪಾನಿನ ಆಡಳಿತಗಾರರಲ್ಲಿ ನಾವು ಮೆಚ್ಚಬೇಕಾದದ್ದು ಅವರ ಮೊದಲ ಯೋಜನೆಯನ್ನಲ್ಲ, ಅದನ್ನು ತಿದ್ದಿಕೊಂಡ ರೀತಿಯನ್ನು. 1879ರಲ್ಲಿ ತನಾಕಾ ಫುಜಿಮಾರೋ ಅವರ ಮುಂದಾಳತ್ವದಲ್ಲಿ ಹೊಸ ಶಿಕ್ಷಣ ಆಜ್ಞೆ ಬಂತು. ಕಟ್ಟುನಿಟ್ಟಿನ ಶಾಲಾ ವಲಯಗಳನ್ನು ರದ್ದು ಮಾಡಿ, ಊರಿನವರು ಆರಿಸಿದ ಸಮಿತಿಗೆ ಅಧಿಕಾರ ಕೊಟ್ಟರು. ನಾಲ್ಕು ವರ್ಷಗಳಲ್ಲಿ ಕನಿಷ್ಠ 16 ತಿಂಗಳು ಓದಿದರೆ ಸಾಕು ಎಂದರು. ಪರಿಣಾಮ ಉಲ್ಟಾ ಆಯಿತು. ಕೆಲವು ಕಡೆ ಶಾಲೆಗಳು ಮುಚ್ಚಿದವು, ಅರ್ಧ ಕಟ್ಟಿದ ಕಟ್ಟಡಗಳು ಹಾಗೆಯೇ ನಿಂತವು. ಮರುವರ್ಷವೇ ಆಜ್ಞೆಯನ್ನು ಬದಲಿಸಿ ಮತ್ತೆ ಬಿಗಿ ಮಾಡಿದರು. ಹೊರೆಯನ್ನೆಲ್ಲ ಊರಿನ ಮೇಲೆ ಹಾಕಿದರೆ ಸಿಟ್ಟು, ಎಲ್ಲವನ್ನೂ ಊರಿಗೇ ಬಿಟ್ಟರೆ ಆಲಸ್ಯ. ನಡುವಿನ ದಾರಿ ಹುಡುಕಲು ಅವರಿಗೆ ಇನ್ನೂ ಇಪ್ಪತ್ತು ವರ್ಷ ಬೇಕಾಯಿತು.

1883ರಲ್ಲಿ ದಾಖಲಾತಿ ಅರ್ಧವನ್ನು ದಾಟಿತ್ತು. ಅಷ್ಟರಲ್ಲಿ ಬೆಳೆಗಳ ಬೆಲೆ ಕುಸಿದು ರೈತ ಸಾಲಗಾರನಾದ. ಕೆಲವೇ ವರ್ಷಗಳಲ್ಲಿ ದಾಖಲಾತಿ ಮತ್ತೆ ಅರ್ಧಕ್ಕಿಂತ ಕೆಳಗೆ ಇಳಿಯಿತು. 1886ರಲ್ಲಿ ಸಚಿವ ಮೋರಿ ಅರಿನೋರಿ ನಾಲ್ಕು ವರ್ಷಗಳ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಿದರು, ಆದರೆ ಶುಲ್ಕ ಹಾಗೆಯೇ ಇತ್ತು. ಕಡ್ಡಾಯವೂ ಹೌದು, ಶುಲ್ಕವೂ ಹೌದು ಎಂದರೆ ಬಡವ ಏನು ಮಾಡಬೇಕು? ನಿಜವಾದ ತಿರುವು ಬಂದದ್ದು 1900ರಲ್ಲಿ, ನಾಲ್ಕು ವರ್ಷಗಳ ಕಡ್ಡಾಯ ಶಿಕ್ಷಣಕ್ಕೆ ಶುಲ್ಕ ತೆಗೆಯುವ ನಿಯಮ ಬಂದಾಗ. ಅದೇ ವರ್ಷ ದಾಖಲಾತಿ ಶೇ. 81 ದಾಟಿತು, 1902ರ ಹೊತ್ತಿಗೆ ಶೇ. 90 ದಾಟಿತು. 1907ರಲ್ಲಿ ಕಡ್ಡಾಯ ಶಿಕ್ಷಣವನ್ನು ಆರು ವರ್ಷಗಳಿಗೆ ಏರಿಸಿದರು.

ಬೆನ್ನ ಮೇಲಿನ ಕೂಸು

ಈ ಅಂಕಿಗಳ ನಡುವೆ ಹೆಣ್ಣುಮಕ್ಕಳ ಕಥೆ ಬೇರೆಯೇ ಆಗಿದೆ. ಅವರು ಏಕೆ ಬರುತ್ತಿಲ್ಲ ಎಂದು ಕೇಳಿದಾಗ ಎರಡು ಉತ್ತರ ಸಿಕ್ಕಿತು. ಶಾಲೆಯಲ್ಲಿ ಕಲಿಸುವುದು ಅವರಿಗೆ ಉಪಯೋಗವಿಲ್ಲ ಎಂದು ಪೋಷಕರು ಭಾವಿಸಿದ್ದರು. ಅದಕ್ಕಾಗಿ 1893ರಲ್ಲಿ ಹೊಲಿಗೆಯನ್ನು ಪಾಠದಲ್ಲಿ ಸೇರಿಸಲು ಸಚಿವಾಲಯ ಸೂಚಿಸಿತು. ಇನ್ನೊಂದು ಉತ್ತರ, ಬಡ ಮನೆಯ ಹುಡುಗಿಯರು ತಮ್ಮ ಅಥವಾ ಪರರ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ದಿನವಿಡೀ ಆಡಿಸಬೇಕಾಗಿತ್ತು. ಅಂಥವರನ್ನು 'ಕೋಮೋರಿ' ಎನ್ನುತ್ತಿದ್ದರು. ಕೆಲವು ಊರುಗಳ ಶಿಕ್ಷಕರು ಅವರಿಗಾಗಿಯೇ ತರಗತಿಗಳನ್ನು ತೆರೆದರು. ಹುಡುಗಿ ಕೂಸಿನೊಂದಿಗೇ ಬರಬಹುದು, ಕೂಸು ಅತ್ತರೆ ಎದ್ದು ಹೊರಗೆ ಹೋಗಿ ಸಮಾಧಾನ ಮಾಡಿ ಮತ್ತೆ ಬಂದು ಕೂರಬಹುದು.

ಇದನ್ನು ಓದಿದಾಗ ನನಗೆ ನನ್ನ ತರಗತಿಯ ಬಾಗಿಲು ನೆನಪಾಯಿತು. ಕೆಲವು ವರ್ಷಗಳ ಹಿಂದೆ ಐದನೆಯ ತರಗತಿಯ ಹುಡುಗಿಯೊಬ್ಬಳು ತಮ್ಮನನ್ನು ಸೊಂಟದ ಮೇಲೆ ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ಸಾರ್, ಅಮ್ಮಿ ಕೆಲಸಕ್ಕೆ ಹೋಗಿದ್ದಾರೆ, ಇವನನ್ನು ನೋಡಿಕೊಳ್ಳೋಕೆ ಮನೆಯಲ್ಲಿ ಯಾರೂ ಇಲ್ಲ" ಎಂದಳು. ಪಾಠಕ್ಕೆ ತೊಂದರೆ ಆಗುತ್ತದೆ, ಇವನನ್ನು ಬಿಟ್ಟು ಬಾ ಎಂದು ನಾನು ಅವಳನ್ನು ವಾಪಸ್ ಕಳುಹಿಸಿದೆ. ಅವಳು ಆ ದಿನ ಬರಲಿಲ್ಲ, ಆ ವಾರವೂ ಬರಲಿಲ್ಲ. ಆ ವರ್ಷದ ಯೋಜನೆಯ ನಮೂನೆಯಲ್ಲಿ 'ಗೈರುಹಾಜರಿಗೆ ಕಾರಣ' ಎಂಬ ಕಡೆ ನಾನೇ ನನ್ನ ಕೈಯಾರೆ 'ಪೋಷಕರ ನಿರಾಸಕ್ತಿ' ಎಂದು ಬರೆದೆ. ಹುಡುಗಿ ಬಾಗಿಲವರೆಗೆ ಬಂದಿದ್ದಳು. ನಿರಾಸಕ್ತಿ ಯಾರದು?

ನಮ್ಮ ನಾಡಿಗೆ ಬಂದ ಸುದ್ದಿ

ಜಪಾನಿನ ಈ ಪ್ರಯೋಗವನ್ನು ಭಾರತೀಯರು ಆಸೆಗಣ್ಣಿನಿಂದ ನೋಡಿದರು. ಗೋಪಾಲಕೃಷ್ಣ ಗೋಖಲೆಯವರು 1911ರಲ್ಲಿ ಪ್ರಾಥಮಿಕ ಶಿಕ್ಷಣ ಮಸೂದೆಯನ್ನು ಮಂಡಿಸಿದಾಗ ಜಪಾನಿನ ಉದಾಹರಣೆ ಅವರ ಮುಂದಿತ್ತು. 1912ರಲ್ಲಿ ಆ ಮಸೂದೆ 13ಕ್ಕೆ 38 ಮತಗಳಿಂದ ಬಿದ್ದುಹೋಯಿತು. 1898ರಲ್ಲೇ ಜಪಾನಿಗೆ ಹೋಗಿಬಂದಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗ, 1913ರಲ್ಲಿ, ಪ್ರಾಥಮಿಕ ಶಿಕ್ಷಣದ ಶಾಸನ ಬಂತು. ಕಡ್ಡಾಯವನ್ನು ಇಡೀ ಸಂಸ್ಥಾನಕ್ಕೆ ಒಮ್ಮೆಗೇ ಹೇರದೆ, ಮೊದಲು ಆಯ್ದ ಸ್ಥಳಗಳಲ್ಲಿ ಜಾರಿಗೆ ತಂದರು.

ಹೈದರಾಬಾದ್ ಸಂಸ್ಥಾನದ ಶಿಕ್ಷಣ ನಿರ್ದೇಶಕರಾಗಿದ್ದ ಸರ್ ರಾಸ್ ಮಸೂದ್ ಅವರು ಸರ್ ಸೈಯದ್ ಅಹಮದ್ ಖಾನರ ಮೊಮ್ಮಗ. ಅವರು 1922ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಶಿಕ್ಷಣ ಪದ್ಧತಿಯ ಬಗ್ಗೆ ಒಂದು ಗ್ರಂಥವನ್ನೇ ಬರೆದರು. ಜಪಾನೀಯರು ಉನ್ನತ ಜ್ಞಾನವನ್ನೆಲ್ಲ ತಮ್ಮ ಭಾಷೆಗೆ ತಂದುಕೊಂಡದ್ದು ಅವರ ಮನಸ್ಸನ್ನು ಗೆದ್ದಿತು. ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯ ಆಗಷ್ಟೇ ಬೆಳೆಯುತ್ತಿದ್ದ ಕಾಲವದು. ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಅಂದು ಬೀದರ್, ಗುಲ್ಬರ್ಗ, ರಾಯಚೂರು ಜಿಲ್ಲೆಗಳೂ ಆ ಸಂಸ್ಥಾನದಲ್ಲೇ ಇದ್ದವು. ಅಲ್ಲಿನ ಬಹುಪಾಲು ಮಕ್ಕಳ ಮನೆಮಾತು ಕನ್ನಡ. ಉರ್ದು ಮನೆಯ ಮಗುವಿಗೆ ಸಿಕ್ಕ ಸೌಲಭ್ಯ ಕನ್ನಡದ ಮನೆಯ ಮಗುವಿಗೆ ಸಿಗಲಿಲ್ಲ. ಎರಡೂ ಭಾಷೆಗಳಲ್ಲಿ ಪಾಠ ಹೇಳುವ ನಾನು ಇದನ್ನು ಮರೆಯಲಾರೆ. ಜಪಾನೂ ಇದೇ ತಪ್ಪು ಮಾಡಿತು. ಓಕಿನಾವಾ ದ್ವೀಪಗಳಲ್ಲಿ ಮನೆಮಾತು ಆಡಿದ ಮಗುವಿನ ಕೊರಳಿಗೆ ಅವಮಾನದ ಹಲಗೆ ಕಟ್ಟುತ್ತಿದ್ದರು.

ಇನ್ನೂ ದೊಡ್ಡ ತಪ್ಪೊಂದಿದೆ. 1890ರ ಚಕ್ರವರ್ತಿಯ ಶಿಕ್ಷಣ ಆದೇಶವು ಶಾಲೆಗಳನ್ನು ರಾಜನಿಷ್ಠೆಯ ಅಚ್ಚಿಗೆ ಹಾಕಿತು. ಅಷ್ಟು ಕಷ್ಟಪಟ್ಟು ಕಟ್ಟಿದ ಶಾಲೆಗಳಿಂದಲೇ ಮಕ್ಕಳು ಯುದ್ಧಭೂಮಿಗೆ ಹೋದರು. ಕೊನೆಗೆ 1948ರಲ್ಲಿ ಜಪಾನಿನ ಸಂಸತ್ತೇ ಆ ಆದೇಶವನ್ನು ತಳ್ಳಿಹಾಕಿತು. ಎಲ್ಲ ಮಕ್ಕಳನ್ನೂ ಶಾಲೆಗೆ ತಂದರೆ ಸಾಲದು, ತಂದು ಏನು ಕಲಿಸುತ್ತೇವೆ ಎಂಬುದೂ ಯೋಜನೆಯಲ್ಲಿ ಇರಬೇಕು.

ನಾವು ಕಲಿಯಬೇಕಾದದ್ದು

ಸಂಸ್ಥೆಯ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೇ. 53,760 ಎಂಬ ಅಂಕಿ ಎಂದೂ ಪೂರ್ತಿಯಾಗಲಿಲ್ಲ. 1875ರ ಹೊತ್ತಿಗೆ ಎದ್ದ ಶಾಲೆಗಳು ಸುಮಾರು 24 ಸಾವಿರ. ಹಾಗಿದ್ದರೂ ಯೋಜನೆ ಸೋಲಲಿಲ್ಲ. ಪ್ರತಿ ಕೆಲವು ವರ್ಷಗಳಿಗೊಮ್ಮೆ ಅವರು ಎಣಿಸಿದರು, ಯಾರು ಹೊರಗೆ ಉಳಿದಿದ್ದಾರೆ ಎಂದು ಕೇಳಿದರು, ಸಿಕ್ಕ ಉತ್ತರಕ್ಕೆ ತಕ್ಕಂತೆ ಶಾಲೆಯನ್ನು ಬದಲಿಸಿದರು. ನಿಮ್ಮಲ್ಲಿ ಅನೇಕರು ಶಾಲಾ ಸಮಿತಿಗಳಲ್ಲಿದ್ದೀರಿ. ಯೋಜನೆಯ ನಮೂನೆ ಬಂದಾಗ ಸಹಿ ಹಾಕುವ ಮೊದಲು ಒಮ್ಮೆ ಓದಿ. ಯಾವ ಮನೆಯ ಯಾವ ಮಗು ಬರುತ್ತಿಲ್ಲ, ಏಕೆ ಬರುತ್ತಿಲ್ಲ ಎಂದು ನಮ್ಮಂಥ ಶಿಕ್ಷಕರನ್ನು ಕೇಳಿ. ನಾವು 'ನಿರಾಸಕ್ತಿ' ಎಂದು ಬರೆದಿದ್ದರೆ ಒಪ್ಪಬೇಡಿ, ಆ ಮನೆಗೆ ನಮ್ಮನ್ನೂ ಕರೆದುಕೊಂಡು ಹೋಗಿ.

ವಿದ್ಯಾರ್ಥಿಗಳೇ, ನಿಮ್ಮ ಪಕ್ಕದ ಜಾಗ ಎರಡು ದಿನ ಖಾಲಿ ಇದ್ದರೆ ಮೂರನೆಯ ದಿನ ನೀವೇ ಹೋಗಿ ವಿಚಾರಿಸಿ.

ಆ ಹುಡುಗಿಯ ಮನೆಗೆ ನಾನು ಹೋದದ್ದು ತಡವಾಗಿ. ಅಷ್ಟರಲ್ಲಿ ಅವಳ ಕುಟುಂಬ ಊರು ಬಿಟ್ಟಿತ್ತು. ಈಗ ನನ್ನ ತರಗತಿಯ ಹಿಂದಿನ ಮೂಲೆಯಲ್ಲಿ ಒಂದು ಚಾಪೆ ಹಾಸಿರುತ್ತೇನೆ. ವರ್ಷದಲ್ಲಿ ನಾಲ್ಕಾರು ಬಾರಿಯಾದರೂ ಅದರ ಮೇಲೆ ಯಾರದೋ ತಮ್ಮ ಅಥವಾ ತಂಗಿ ಮಲಗಿರುತ್ತಾರೆ. ಪಾಠಕ್ಕೆ ಸ್ವಲ್ಪ ತೊಂದರೆ ಆಗುತ್ತದೆ. ಆದರೂ ಪಾಠ ನಡೆಯುತ್ತದೆ.