ಹಳೆಯ ಲಾರಿಯ ಎಂಜಿನ್ ಕೈಕೊಟ್ಟಾಗ: ದೋಷ ಪತ್ತೆ ಹೇಗೆ, ಮುಂದೇನು?

ಒಂದೇ ಲಾರಿಯನ್ನು ನಂಬಿ ಬದುಕುವ ಮಾಲೀಕ-ಚಾಲಕನಿಗೆ ಎಂಜಿನ್ ಕೆಡುವುದೆಂದರೆ ದುಡಿಮೆ ನಿಂತು, ಸಾಲದ ಕಂತು ಮಾತ್ರ ಮುಂದುವರಿಯುವ ಸ್ಥಿತಿ. ಇಂತಹ ಹೊತ್ತಿನಲ್ಲಿ ಆತುರಕ್ಕೆ ಬಿದ್ದು ಎಂಜಿನ್ ಬಿಚ್ಚಿಸಿದವರು ನೂರರಲ್ಲಿ ಮುಗಿಯುವ ಕೆಲಸಕ್ಕೆ ಲಕ್ಷ ತೆತ್ತದ್ದುಂಟು. ದೋಷವನ್ನು ಕ್ರಮವಾಗಿ ಪತ್ತೆ ಹಚ್ಚುವುದೇ ಉಳಿತಾಯದ ಮೊದಲ ಹೆಜ್ಜೆ.

ನಮ್ಮ ರಸ್ತೆಗಳ ಹಳೆಯ ಲಾರಿಗಳ ಪೈಕಿ ಟಾಟಾ 697 ಎಂಜಿನ್ ಚಿರಪರಿಚಿತ. ಆರು ಸಿಲಿಂಡರ್, 97 ಮಿ.ಮೀ. ಬೋರ್, ಹೆಸರಿನ ಗುಟ್ಟು ಅಷ್ಟೇ. ಸ್ಟ್ರೋಕ್ 128 ಮಿ.ಮೀ., ಒಟ್ಟು ಗಾತ್ರ 5,675 ಸಿಸಿ. 1954ರಿಂದ 1969ರವರೆಗೆ ಟೆಲ್ಕೊ ಮತ್ತು ಜರ್ಮನಿಯ ಡೈಮ್ಲರ್-ಬೆಂಜ್ ನಡುವಿದ್ದ ಸಹಯೋಗದ ಪರಂಪರೆ ಇದರದು. ಇದರಲ್ಲಿ ಕಂಪ್ಯೂಟರ್ ಇಲ್ಲ. ಡೀಸೆಲ್ ಪಂಪ್ ಪೂರ್ಣ ಯಾಂತ್ರಿಕ. ಆದ್ದರಿಂದ ಕಣ್ಣು, ಕಿವಿ ಮತ್ತು ಸ್ಪ್ಯಾನರ್‌ಗಳಿಂದಲೇ ಬಹುಪಾಲು ದೋಷವನ್ನು ಗುರುತಿಸಬಹುದು.

ಮೊದಲು ಸ್ಟಾರ್ಟರ್ ಮುಟ್ಟಬೇಡಿ

ಎಂಜಿನ್ ತಾನಾಗಿ ನಿಂತರೆ ಮತ್ತೆ ಮತ್ತೆ ಸ್ಟಾರ್ಟ್ ಮಾಡಲು ಯತ್ನಿಸಬಾರದು. ಸಿಲಿಂಡರಿಗೆ ನೀರು ನುಗ್ಗಿದ್ದರೆ ಕನೆಕ್ಟಿಂಗ್ ರಾಡ್ ಬಾಗಿಹೋಗುತ್ತದೆ. ಬಿಸಿ ರೇಡಿಯೇಟರಿನ ಮುಚ್ಚಳವನ್ನೂ ತೆರೆಯಬಾರದು. ಎಂಜಿನ್ ತಣಿದ ಬಳಿಕ ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದು ನೋಡಬೇಕು. ಆಯಿಲ್ ಹಾಲು ಬೆರೆಸಿದ ಚಹಾದಂತಿದ್ದರೆ ನೀರು ಸೇರಿದೆ ಎಂದರ್ಥ. ಮಟ್ಟ ಏರಿ, ಡೀಸೆಲ್ ವಾಸನೆ ಬಂದರೆ ಇಂಧನ ಸೋರಿ ಆಯಿಲನ್ನು ತೆಳುವಾಗಿಸಿದೆ; ಅದು ಬೇರಿಂಗ್‌ಗಳಿಗೆ ಮಾರಕ.

ತಿರುಗುತ್ತದೆಯೇ, ಇಲ್ಲವೇ?

ಗೇರನ್ನು ನ್ಯೂಟ್ರಲ್‌ಗೆ ತಂದು, ಕ್ರಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಿಂದ ತಿರುಗಿಸಬೇಕು. ಅಲುಗದಿದ್ದರೆ ‘ಸೀಜ್’ ಎಂದು ತೀರ್ಮಾನಿಸುವ ಮುನ್ನ ಎರಡು ಪರೀಕ್ಷೆಗಳಿವೆ. ಮೊದಲು ಸ್ಟಾರ್ಟರ್ ಬಿಚ್ಚಿ, ಅದರ ಹಲ್ಲು ಸಿಕ್ಕಿಕೊಂಡಿತ್ತೇ ಎಂದು ನೋಡಬೇಕು. ನಂತರ ಆರೂ ನಾಜಲ್‌ಗಳನ್ನು ತೆಗೆದು ಮತ್ತೆ ತಿರುಗಿಸಬೇಕು. ರಂಧ್ರದಿಂದ ನೀರು ಚಿಮ್ಮಿ ಕ್ರಾಂಕ್ ಸರಾಗವಾದರೆ ಹೆಡ್ ಗ್ಯಾಸ್ಕೆಟ್ ಸುಟ್ಟಿರುವ ಅಥವಾ ಹೆಡ್ ಬಿರುಕು ಬಿಟ್ಟಿರುವ ಸಾಧ್ಯತೆ ಹೆಚ್ಚು. ಆಗಲೂ ಅಲುಗದಿದ್ದರೆ ಪಿಸ್ಟನ್ ಇಲ್ಲವೇ ಬೇರಿಂಗ್ ಹಿಡಿದಿದೆ.

ಕ್ರಾಂಕ್ ತಿರುಗಿಯೂ ಎಂಜಿನ್ ಹೊತ್ತಿಕೊಳ್ಳದಿದ್ದರೆ ಇಂಧನದ ದಾರಿಯನ್ನು ಶಂಕಿಸಬೇಕು. ಸ್ಟಾಪ್ ಕೇಬಲ್ ಅರ್ಧಕ್ಕೆ ನಿಂತಿರಬಹುದು, ಫಿಲ್ಟರ್ ಕಟ್ಟಿರಬಹುದು, ಪೈಪಿನಲ್ಲಿ ಗಾಳಿ ಸೇರಿರಬಹುದು. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಹ್ಯಾಂಡ್ ಪಂಪ್ ಒತ್ತಿದರೆ ಏರ್ ಲಾಕ್ ಬಿಡುತ್ತದೆ. ನಾಜಲಿನ ತುಂತುರಿಗೆ ಎಂದೂ ಕೈ ಒಡ್ಡಬಾರದು. ಆ ಒತ್ತಡಕ್ಕೆ ಡೀಸೆಲ್ ಚರ್ಮವನ್ನು ಭೇದಿಸಿ ಒಳಹೊಕ್ಕು, ಬೆರಳು ಕತ್ತರಿಸಬೇಕಾದ ಪ್ರಸಂಗವೂ ಬರಬಹುದು.

ಹೊಗೆಯ ಭಾಷೆ

ಕುಂಟುತ್ತಾ ಓಡುವ ಎಂಜಿನ್ನಿನ ರೋಗವನ್ನು ಹೊಗೆ ಹೇಳುತ್ತದೆ. ಕಪ್ಪು ಹೊಗೆ ಗಾಳಿಯ ಕೊರತೆ ಅಥವಾ ನಾಜಲ್ ದೋಷದ ಲಕ್ಷಣ. ನೀಲಿ ಹೊಗೆ ಆಯಿಲ್ ಉರಿಯುತ್ತಿರುವುದನ್ನು ಸೂಚಿಸುತ್ತದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಉರಿಯದೆ ಹೊರಬರುತ್ತಿದೆ ಅಥವಾ ನೀರು ಆವಿಯಾಗುತ್ತಿದೆ. ಆಯಿಲ್ ಮುಚ್ಚಳ ತೆರೆದಾಗ ಹೊಗೆ ಬುಸುಗುಟ್ಟಿದರೆ, ಮೆಕ್ಯಾನಿಕ್‌ಗಳು ‘ಬ್ಯಾಕ್ ಕಂಪ್ರೆಷನ್’ ಎನ್ನುವ ತೊಂದರೆ ಅದು: ರಿಂಗ್ ಮತ್ತು ಬೋರ್ ಸವೆದಿವೆ. ಹಳೆಯ ಆಯಿಲ್ ಫಿಲ್ಟರನ್ನು ಕತ್ತರಿಸಿ ನೋಡುವುದೂ ಉಪಯುಕ್ತ; ಹೊಳೆಯುವ ಲೋಹದ ಚೂರುಗಳಿದ್ದರೆ ಬೇರಿಂಗ್ ಹೋಗಿರುವ ಶಂಕೆ ಬಲವಾಗುತ್ತದೆ.

ದುರಸ್ತಿಯ ಮಟ್ಟಗಳು

ಗ್ಯಾಸ್ಕೆಟ್ ಮಾತ್ರ ಹೋಗಿದ್ದರೆ ಹೆಡ್ ಇಳಿಸಿ, ಬಿರುಕಿನ ಪರೀಕ್ಷೆ ಮಾಡಿಸಿ, ಫೇಸಿಂಗ್ ಕೊಡಿಸಿದರೆ ಸಾಕು. ಬೋರ್ ಸವೆದಿದ್ದರೆ ರೀಬೋರ್ ಮಾಡಿಸಿ ದೊಡ್ಡ ಅಳತೆಯ ಪಿಸ್ಟನ್ ಹಾಕಬೇಕು, ಇಲ್ಲವೇ ಹೊಸ ಸ್ಲೀವ್ ಕೂರಿಸಬೇಕು. ಕ್ರಾಂಕ್‌ನಲ್ಲಿ ಗೀರುಗಳಿದ್ದರೆ ಗ್ರೈಂಡಿಂಗ್ ಅನಿವಾರ್ಯ. ಡೀಸೆಲ್ ಪಂಪನ್ನು ಪರೀಕ್ಷಾ ಯಂತ್ರವಿರುವಲ್ಲಿಯೇ ಹೊಂದಿಸಬೇಕು. ಬೆಂಗಳೂರಿನ ಮೈಕೋ (2008ರಿಂದ ಬಾಷ್ ಲಿಮಿಟೆಡ್) ಪಂಪ್‌ಗಳನ್ನು ಬಲ್ಲ ಕುಶಲಕರ್ಮಿಗಳು ರಾಜ್ಯದಲ್ಲಿ ವಿರಳವೇನಲ್ಲ.

ಕೆಟ್ಟದ್ದಕ್ಕೆ ಕಾರಣವೇನೆಂಬುದು ತಿಳಿಯದೆ ಎಂಜಿನ್ ಜೋಡಿಸುವುದು ಹಣ ಪೋಲು ಮಾಡಿದಂತೆ. ಕಟ್ಟಿದ ರೇಡಿಯೇಟರ್, ಸವೆದ ಆಯಿಲ್ ಪಂಪ್ ಅಥವಾ ಸೋರುವ ನಾಜಲ್ ಹಾಗೆಯೇ ಉಳಿದರೆ ಹೊಸ ಪಿಸ್ಟನ್ನೂ ಬೇಗನೆ ಕೆಡುತ್ತದೆ. ಕೆಲಸಕ್ಕೆ ಮೊದಲು ಲಿಖಿತ ಅಂದಾಜು ಪಡೆಯುವುದು, ತೆಗೆದ ಬಿಡಿಭಾಗಗಳನ್ನು ಕೇಳಿ ಇಟ್ಟುಕೊಳ್ಳುವುದು ಮಾಲೀಕರ ಹಿತಕ್ಕೆ ಒಳ್ಳೆಯದು.

ಬದಲಿ ಎಂಜಿನ್, ಗುಜರಿ

ಗುಜರಿಯಿಂದ ತಂದ ಎಂಜಿನ್ ಕೂರಿಸುವುದಾದರೆ ಖರೀದಿ ರಸೀದಿ ಕಡ್ಡಾಯವಾಗಿ ಇರಲಿ. ನೋಂದಣಿ ಪತ್ರದಲ್ಲಿ ಎಂಜಿನ್ ಸಂಖ್ಯೆ ನಮೂದಾಗಿರುವುದರಿಂದ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ ದಾಖಲೆ ಸರಿಪಡಿಸಿಕೊಳ್ಳಬೇಕು. ಸಂಖ್ಯೆ ಹೊಂದದಿದ್ದರೆ ಅರ್ಹತಾ ಪತ್ರಕ್ಕೂ ವಿಮೆಗೂ ತೊಡಕು.

ಚಾಸಿಸ್ ತುಕ್ಕು ಹಿಡಿದು, ಅರ್ಹತಾ ಪತ್ರ ಸಿಗುವ ಭರವಸೆ ಇಲ್ಲದಿದ್ದರೆ ಎಂಜಿನ್ನಿಗೆ ಸುರಿದ ಹಣ ಮರಳದು. 2021ರಲ್ಲಿ ಜಾರಿಗೆ ಬಂದ ಕೇಂದ್ರದ ನಿಯಮಗಳಂತೆ, ನೋಂದಾಯಿತ ಗುಜರಿ ಕೇಂದ್ರಕ್ಕೆ ವಾಹನ ಒಪ್ಪಿಸಿದವರಿಗೆ ಠೇವಣಿ ಪ್ರಮಾಣಪತ್ರ ದೊರೆಯುತ್ತದೆ. ಹೊಸ ಸಾರಿಗೆ ವಾಹನ ಕೊಂಡಾಗ ಅದರ ಮೇಲೆ ಮೋಟಾರು ತೆರಿಗೆಯಲ್ಲಿ ಗರಿಷ್ಠ ಶೇ. 15ರವರೆಗೆ ರಿಯಾಯಿತಿ ನೀಡಲು ಅವಕಾಶವಿದೆ. ಚಾಸಿಸ್ ಗಟ್ಟಿಯಿದ್ದು, ಬಾಡಿಗೆ ಖಾತರಿಯಿದ್ದರೆ ಮಾತ್ರ ಪೂರ್ಣ ಎಂಜಿನ್ ಕೆಲಸಕ್ಕೆ ಕೈಹಾಕುವುದು ಜಾಣತನ.