ಹಗೇವಿನೊಳಗಿನ ಗಾಳಿ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಸೀಮೆಯ ಹಿರಿಯರಿಗೆ ಹಗೇವು ಎಂದರೇನೆಂದು ಹೇಳಬೇಕಾಗಿಲ್ಲ. ಚೀಲ, ಗೋದಾಮುಗಳನ್ನೇ ಕಂಡು ಬೆಳೆದ ಕಿರಿಯರಿಗಾಗಿ ಹೇಳುತ್ತೇನೆ. ನೀರು ನಿಲ್ಲದ ಗಟ್ಟಿ ನೆಲದಲ್ಲಿ ತೋಡಿದ, ಬಾಯಿ ಕಿರಿದಾಗಿ ಒಡಲು ಹಿರಿದಾಗಿರುವ ಜೋಳದ ಕಣಜವೇ ಹಗೇವು. ತಳಕ್ಕೂ ಸುತ್ತಲೂ ಒಣ ಕಣಿಕೆ, ಹೊಟ್ಟು ಹಾಸಿ, ಜೋಳ ತುಂಬಿ, ಬಾಯಿಗೆ ಚಪ್ಪಡಿಯಿಟ್ಟು ಮಣ್ಣು ಮೆತ್ತುತ್ತಿದ್ದರು.

ಮಳೆಯನ್ನು ನಂಬಿ ಕೂಡಲಾಗದ ನಾಡಿಗೆ ಇದೇ ಆಸರೆ. 1876–78ರ ಭೀಕರ ಬರ ಬಂದಾಗ ಈ ಪ್ರದೇಶವೆಲ್ಲ ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆಗೆ ಸೇರಿತ್ತು. ಆ ಬರದಲ್ಲಿ ಅತಿಯಾಗಿ ನೊಂದ ಜಿಲ್ಲೆಗಳಲ್ಲಿ ಕಲಾದಗಿಯೂ ಒಂದು. ಒಂದು ವರ್ಷದ ಕಾಳನ್ನು ಕೆಡದಂತೆ ಮುಂದಿನ ವರ್ಷಗಳಿಗೆ ದಾಟಿಸುವುದು ಇಲ್ಲಿ ಅಳಿವು ಉಳಿವಿನ ಪ್ರಶ್ನೆಯಾಗಿತ್ತು.

ಜೋಳ ಕೆಡದಿರಲು ಕಾರಣವೇನು? ಬಾಯಿ ಮುಚ್ಚಿದ ಬಳಿಕ ಕಾಳು, ನುಸಿ, ಬೂಷ್ಟು ಮೂರೂ ಉಸಿರಾಡಿ ಒಳಗಿನ ಆಮ್ಲಜನಕವನ್ನು ಕರಗಿಸುತ್ತವೆ. ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಆಗ ನುಸಿ ಸಾಯುತ್ತದೆ, ಬೂಷ್ಟಿನ ಬೆಳವಣಿಗೆ ನಿಲ್ಲುತ್ತದೆ. ಆದರೆ ನೀರು ಜಿನುಗಿದರೆ ಈ ಕಾವಲು ಸಾಲದು. ಯೀಸ್ಟಿನಂಥ ಜೀವಿಗಳು ಗಾಳಿಯಿದ್ದರೂ ಇಲ್ಲದಿದ್ದರೂ ಬಾಳಬಲ್ಲವು. ಅವು ಕಾಳನ್ನು ಹುಳಿಸುತ್ತವೆ.

ಗಾಳಿಯಿಲ್ಲದೆಯೂ ಜೀವವುಂಟು ಎಂಬುದನ್ನು ಫ್ರಾನ್ಸಿನ ಲೂಯಿ ಪಾಶ್ಚರ್ 1861ರಲ್ಲಿ ತೋರಿಸಿದರು. ಸೂಕ್ಷ್ಮದರ್ಶಕದಡಿಯ ಹನಿಯೊಂದರ ನಡುವೆ ಚುರುಕಾಗಿ ಚಲಿಸುತ್ತಿದ್ದ ಜೀವಿಗಳು, ಗಾಳಿ ತಗಲುವ ಅಂಚಿನಲ್ಲಿ ನಿಶ್ಚಲವಾಗಿದ್ದವು. ನಮಗೆ ಪ್ರಾಣವಾದ ಆಮ್ಲಜನಕ ಅವಕ್ಕೆ ವಿಷ! ವಾಯುವಿಕ, ಅವಾಯುವಿಕ ಎಂದು ನಾವು ಪಾಠದಲ್ಲಿ ಓದಿದ ಭೇದದ ಮೂಲ ಇಲ್ಲಿದೆ.

ಹಗೇವಿನ ಇನ್ನೊಂದು ಮುಖವನ್ನೂ ಮರೆಯಬಾರದು. ಬೂಷ್ಟನ್ನು ತಡೆದ ಆ ಗಾಳಿಯೇ, ಆತುರದಿಂದ ಒಳಗಿಳಿದವರ ಉಸಿರನ್ನೂ ನಿಲ್ಲಿಸುತ್ತಿತ್ತು. ಅದಕ್ಕೆಂದೇ ಬಲ್ಲವರು ಬಾಯಿ ತೆರೆದು ಬಹಳ ಹೊತ್ತು ಬಿಡುತ್ತಿದ್ದರು. ಉರಿಯುವ ಕಂದೀಲನ್ನು ಇಳಿಬಿಟ್ಟು, ಅದು ನಂದಿದರೆ ಇಳಿಯುತ್ತಿರಲಿಲ್ಲ.

ಹಗೇವುಗಳು ಬಹುತೇಕ ಮರೆಯಾದವು, ಅಪಾಯ ಮರೆಯಾಗಿಲ್ಲ. ಮಲಗುಂಡಿಗಳಲ್ಲಿ ಅವಾಯುವಿಕ ಜೀವಿಗಳು ಮೀಥೇನ್, ಹೈಡ್ರೋಜನ್ ಸಲ್ಫೈಡ್ ಅನಿಲಗಳನ್ನು ಉಂಟುಮಾಡುತ್ತವೆ. ಅಲ್ಲಿ ಕಂದೀಲಿನ ಪರೀಕ್ಷೆಯೂ ಸಲ್ಲದು, ಮೀಥೇನ್ ಹೊತ್ತಿಕೊಂಡೀತು. ರಕ್ಷಣಾ ಸಲಕರಣೆಗಳಿಲ್ಲದೆ ಮನುಷ್ಯರನ್ನು ಅಲ್ಲಿಗಿಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಆದರೂ ಸಾವಿನ ಸುದ್ದಿ ನಿಂತಿಲ್ಲ. ಒಬ್ಬನು ಬಿದ್ದನೆಂದು ಮತ್ತೊಬ್ಬನು ಧುಮುಕಿ, ಇಬ್ಬರೂ ಉಳಿಯದ ಪ್ರಸಂಗಗಳೂ ಇವೆ.

ಮನೆ ಕಟ್ಟಿಸಿ ಗುಂಡಿ ತೋಡಿಸುತ್ತಿರುವ ನನ್ನ ವಿದ್ಯಾರ್ಥಿಗಳೇ, ಬಂಧುಗಳೇ, ಅದನ್ನು ಬಳಿಯಲು ಯಂತ್ರವನ್ನೇ ಕರೆಸಿರಿ. ಯಾರನ್ನೂ ಒಳಗಿಳಿಸಬೇಡಿರಿ.