ತಳ ಮುಟ್ಟದ ಲಂಗರು

ಪ್ರೇಷಿತರ ಕಾರ್ಯಕಲಾಪಗಳ 27ನೇ ಅಧ್ಯಾಯವನ್ನು ನೀವು ಅನೇಕ ಬಾರಿ ಓದಿರಬಹುದು. ಸೆರೆಯಾಳಾಗಿ ರೋಮಿಗೆ ಹೊರಟ ಸಂತ ಪೌಲರನ್ನು ಹೊತ್ತ ಗೋದಿಯ ಹಡಗು ಕ್ರೇತ ದ್ವೀಪದ ತೆಂಕಣ ತೀರವನ್ನು ಅನುಸರಿಸಿ ಸಾಗುತ್ತಿರುವಾಗ ಈಶಾನ್ಯ ದಿಕ್ಕಿನಿಂದ ಬಿರುಗಾಳಿ ಎರಗುತ್ತದೆ. ಹಡಗಿನಲ್ಲಿ 276 ಜನ. ಕೌದ ಎಂಬ ಕಿರುದ್ವೀಪದ ಮರೆಯಲ್ಲಿ ಸ್ವಲ್ಪ ಹೊತ್ತು ಉಸಿರಾಡಲು ಅವಕಾಶ ದೊರೆಯುತ್ತದೆ. ಅಷ್ಟರಲ್ಲಿ ನಾವಿಕರು ಹಿಂದೆ ಕಟ್ಟಿದ್ದ ಚಿಕ್ಕ ದೋಣಿಯನ್ನು ಮೇಲೆತ್ತಿಕೊಳ್ಳುತ್ತಾರೆ. ಹಡಗಿನ ಒಡಲಿಗೆ ಹಗ್ಗ ಸುತ್ತಿ ಬಿಗಿಯುತ್ತಾರೆ. ಬಳಿಕ ಆಫ್ರಿಕದ ಕಡೆಯ ಸುರ್ತಿಸ್ ಮರಳುದಿಬ್ಬಗಳಿಗೆ ಸಿಲುಕಿಯೇವೆಂಬ ಭಯದಿಂದ ಯಾವುದೋ ಒಂದು ವಸ್ತುವನ್ನು ಕೆಳಗಿಳಿಸಿ, ಗಾಳಿ ಒಯ್ದತ್ತ ತೇಲುತ್ತ ಹೋಗುತ್ತಾರೆ.

ಆ ವಸ್ತು ಯಾವುದು? ಈ ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಅಂದು 276 ಜೀವಗಳು ಅದನ್ನೇ ನೆಚ್ಚಿದ್ದವು.

ಸಂತ ಲೂಕರು ಇಲ್ಲಿ ಬಳಸಿರುವ ಗ್ರೀಕ್ ಪದ 'ಸ್ಕೆಯೊಸ್'. ಪಾತ್ರೆ, ಉಪಕರಣ, ಸಲಕರಣೆ ಎಂದೆಲ್ಲ ಅದಕ್ಕೆ ಅರ್ಥವುಂಟು. ಸಂತ ಜೆರೋಮರ ಹೆಸರಿನೊಡನೆ ಬೆಸೆದುಕೊಂಡಿರುವ ಲತೀನ್ ಅನುವಾದವು ಅದನ್ನು ನೇರವಾಗಿ 'ಪಾತ್ರೆ' ಎಂದೇ ಇಟ್ಟುಕೊಂಡಿತು. ಮುಂದಿನ ಕೆಲವು ಅನುವಾದಕರು 'ಹಾಯಿಯನ್ನು ಇಳಿಸಿದರು' ಎಂದು ತಿಳಿದರು. ಈಗ ಸ್ಟಾಕ್‌ಹೋಮಿನಲ್ಲಿರುವ, 13ನೇ ಶತಮಾನದ 'ಕೋಡೆಕ್ಸ್ ಗಿಗಾಸ್' ಎಂಬ ಬೃಹತ್ ಹಸ್ತಪ್ರತಿಯಲ್ಲಿ ಪ್ರೇಷಿತರ ಕಾರ್ಯಕಲಾಪಗಳ ಹಳೆಯ ಲತೀನ್ ಪಾಠವೊಂದು ಉಳಿದುಬಂದಿದೆ. ಅದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಡಗನ್ನು ಹಿಂದಕ್ಕೆ ಜಗ್ಗುವಂತಹ ಪಾತ್ರೆಯೊಂದನ್ನು ನೀರಿಗೆ ಬಿಟ್ಟರು ಎಂಬ ಅರ್ಥವನ್ನು ಕೊಡುತ್ತದೆ. ಇಂದಿನ ಇಂಗ್ಲಿಷ್ ಅನುವಾದಗಳಲ್ಲಿ ಕೆಲವು ಇದೇ ಜಾಡು ಹಿಡಿದು 'ಸೀ ಆ್ಯಂಕರ್' ಎಂದು ಬರೆದಿವೆ. ನಾವು ಅದನ್ನು ತೇಲುಲಂಗರು ಎನ್ನೋಣ.

ಲಂಗರು ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕಡಲ ತಳವನ್ನು ಕಚ್ಚಿ ಹಿಡಿಯುವ ಕಬ್ಬಿಣದ ಕೊಕ್ಕೆ. ಹಿಬ್ರಿಯರಿಗೆ ಬರೆದ ಪತ್ರದಲ್ಲಿ ಭರವಸೆಗೆ ಉಪಮೆಯಾದದ್ದು, ರೋಮಿನ ನೆಲಮಾಳಿಗೆಯ ಸಮಾಧಿಗಳ ಮೇಲೆ ಆದಿ ಕ್ರೈಸ್ತರು ಕೆತ್ತಿದ್ದು ಆ ಲಂಗರನ್ನೇ. ತೇಲುಲಂಗರಿನ ಸ್ವಭಾವ ಬೇರೆ. ಹಗ್ಗಕ್ಕೆ ತಳ ಎಟುಕದ ನಡುಗಡಲಿನಲ್ಲಿ ಅದರ ಕೆಲಸ. ಅದು ಹಿಡಿಯುವುದು ನೆಲವನ್ನಲ್ಲ, ನೀರನ್ನು. ದೋಣಿಯನ್ನು ಅದು ನಿಲ್ಲಿಸುವುದೂ ಇಲ್ಲ. ಅದರ ಮುಖವನ್ನು ಅಲೆಗಳ ಕಡೆಗೆ ತಿರುಗಿಸಿ, ಹಿಂದಕ್ಕೆ ಮೆಲ್ಲಗೆ ಸರಿಯಗೊಡುತ್ತದೆ. ಚಿಕ್ಕ ದೋಣಿಗೆ ದೊಡ್ಡ ಅಲೆಗಿಂತಲೂ ಅಪಾಯವೆಂದರೆ ಆ ಅಲೆಗೆ ಪಕ್ಕೆ ಕೊಟ್ಟು ನಿಲ್ಲುವುದು. ಪಕ್ಕೆಗೆ ಬಡಿದ ಅಲೆ ದೋಣಿಯನ್ನು ಮಗುಚುತ್ತದೆ. ಮುಖಕ್ಕೆ ಬಂದ ಅಲೆಯನ್ನು ಅದು ಹತ್ತಿ ಇಳಿಯಬಲ್ಲದು.

ಇದನ್ನು ಕೈಯಿಂದಲೇ ಮಾಡಿಕೊಳ್ಳಬಹುದೆಂಬುದು ಇದರ ವಿಶೇಷ. ದಪ್ಪ ಹಾಯಿಬಟ್ಟೆಯ ತ್ರಿಕೋನ ತುಂಡುಗಳನ್ನು ಜೋಡಿಸಿ, ತುದಿಯಲ್ಲಿ ಕಿರಿದಾಗುವ ಚೀಲವನ್ನು ಹೊಲಿಯಬೇಕು. ಅಗಲವಾದ ಬಾಯಿಗೆ ಕಬ್ಬಿಣದ ಬಳೆಯನ್ನೋ, ಅಡ್ಡಡ್ಡ ಕಟ್ಟಿದ ಎರಡು ಮರದ ಕೋಲುಗಳನ್ನೋ ಸೇರಿಸಿದರೆ ಅದು ಮುಚ್ಚಿಕೊಳ್ಳದು. ಹೊಲಿಗೆಗಳ ಉದ್ದಕ್ಕೂ ಹಗ್ಗವನ್ನು ಸೇರಿಸಿ ಹೊಲಿಯುವುದು ಬುದ್ಧಿವಂತಿಕೆ. ಆಗ ಜಗ್ಗುವ ಭಾರವನ್ನು ಹಗ್ಗ ಹೊರುತ್ತದೆ, ಬಟ್ಟೆ ಹರಿಯುವುದಿಲ್ಲ. ಚೂಪಾದ ತುದಿಯಲ್ಲಿ ಚಿಕ್ಕ ರಂಧ್ರ ಇರಲೇಬೇಕು. ನೀರು ಅದರ ಮೂಲಕ ಹರಿದುಹೋಗದಿದ್ದರೆ ಚೀಲವು ಅತ್ತಿತ್ತ ಹೊಯ್ದಾಡುತ್ತದೆ. ಬಾಯಿಯ ಅಂಚಿನಿಂದ ಸಮ ಅಳತೆಯ ನಾಲ್ಕು ಹಗ್ಗಗಳನ್ನು ತಂದು ಒಂದೇ ಬಳೆಗೆ ಬಿಗಿಯಬೇಕು. ಒಂದು ಗಿಡ್ಡವಾದರೂ ಬಾಯಿ ಓರೆಯಾಗಿ ನೀರನ್ನು ಹಿಡಿಯದು. ಚೀಲವು ನೀರಿನ ಮೇಲಕ್ಕೆ ಎದ್ದುಬರದಂತೆ ಕೆಳ ಅಂಚಿಗೆ ತುಸು ಭಾರ, ತೀರ ಆಳಕ್ಕಿಳಿಯದಂತೆ ಮೇಲಂಚಿಗೆ ತೇಲುವ ಮರದ ತುಂಡು.

ಚೀಲಕ್ಕಿಂತ ಹೆಚ್ಚಿನ ಎಚ್ಚರ ಬೇಕಾದದ್ದು ಹಗ್ಗದ ವಿಷಯದಲ್ಲಿ. ಅದು ಗಟ್ಟಿಯಾಗಿಯೂ ಉದ್ದವಾಗಿಯೂ ಇರಬೇಕು. ಗಿಡ್ಡವಾದರೆ ಪ್ರತಿ ಅಲೆಗೂ ದೋಣಿ ಜಗ್ಗಿ ಬೀಳುತ್ತದೆ. ದೋಣಿಯ ಅಂಚಿಗೆ ಉಜ್ಜುವ ಜಾಗದಲ್ಲಿ ಹಳೆಯ ಬಟ್ಟೆ ಸುತ್ತಿ, ಆಗಾಗ ಒಂದಿಷ್ಟು ಹಗ್ಗ ಬಿಡುತ್ತಿರಬೇಕು. ಒಂದೇ ಕಡೆ ಸವೆದರೆ ಎಂತಹ ಹಗ್ಗವೂ ರಾತ್ರಿ ಬೆಳಗಾಗುವುದರೊಳಗೆ ತುಂಡಾದೀತು. ದೋಣಿ ಹಿಂದಕ್ಕೆ ಸರಿಯುವುದರಿಂದ ಚುಕ್ಕಾಣಿಯನ್ನು ನೇರವಾಗಿ ಕಟ್ಟಿಡುವುದನ್ನು ಮರೆಯಬಾರದು. 1901ರಲ್ಲಿ ಕೆನಡದ ಪಶ್ಚಿಮ ಕರಾವಳಿಯಿಂದ, ಮೂಲನಿವಾಸಿಗಳು ಒಂದೇ ಮರದ ದಿಮ್ಮಿಯಲ್ಲಿ ಕೊರೆದಿದ್ದ ದೋಣಿಗೆ ಮೂರು ಹಾಯಿಕಂಬ ನಿಲ್ಲಿಸಿ ಹೊರಟು, 1904ರಲ್ಲಿ ಇಂಗ್ಲೆಂಡನ್ನು ತಲಪಿದ ಕ್ಯಾಪ್ಟನ್ ಜಾನ್ ವಾಸ್ ಈ ವಿದ್ಯೆಯ ದೊಡ್ಡ ಪ್ರತಿಪಾದಕ. ತೇಲುಲಂಗರಿನ ಜೊತೆಗೆ ಹಿಂಗಂಬದಲ್ಲಿ ಚಿಕ್ಕ ಹಾಯಿಯೊಂದನ್ನು ಬಿಗಿದರೆ ದೋಣಿ ಗಾಳಿಗೆ ಮುಖ ಕೊಟ್ಟು ನಿಲ್ಲುತ್ತದೆಂಬುದು ಅವನ ಅನುಭವ.

ಇದರ ಬೆಲೆ ಏನೆಂಬುದನ್ನು 1916ರಲ್ಲಿ ಅಂಟಾರ್ಕ್ಟಿಕದ ಕಡಲಿನಲ್ಲಿ ಆರು ಜನ ಕಂಡುಕೊಂಡರು. ಹಿಮದಲ್ಲಿ ಹಡಗನ್ನು ಕಳೆದುಕೊಂಡ ಅರ್ನೆಸ್ಟ್ ಶಾಕಲ್ಟನ್, 22 ಸಂಗಾತಿಗಳನ್ನು ಎಲಿಫೆಂಟ್ ದ್ವೀಪದಲ್ಲಿ ಬಿಟ್ಟು, ಸಹಾಯ ತರಲೆಂದು ಏಪ್ರಿಲ್ 24ರಂದು ಐವರೊಡನೆ ಹೊರಟರು. ಸುಮಾರು 22 ಅಡಿ ಉದ್ದದ 'ಜೇಮ್ಸ್ ಕೈರ್ಡ್' ದೋಣಿ; ಮುಂದೆ 800 ಮೈಲಿಗಳ ಕಡಲು. ಬಡಗಿ ಮೆಕ್‌ನಿಶ್ ಪೆಟ್ಟಿಗೆಗಳ ಹಲಗೆ, ಜಾರುಬಂಡಿಯ ಪಟ್ಟಿ, ಕ್ಯಾನ್ವಾಸುಗಳಿಂದ ಅದಕ್ಕೊಂದು ಮೇಲುಹೊದಿಕೆ ಕಟ್ಟಿದ್ದ. ಬಿರುಗಾಳಿ ಹೆಚ್ಚಿ ಹಾಯಿ ಬಿಚ್ಚಲಾಗದಾಗ ಅವರು ಮುಂಭಾಗದಿಂದ ನೀರಿಗೆ ಬಿಟ್ಟದ್ದು ಹಗ್ಗದ ತುದಿಗೆ ಕಟ್ಟಿದ ಮುಮ್ಮೂಲೆಯ ಕ್ಯಾನ್ವಾಸ್ ಚೀಲ. ಹಾರುವ ತುಂತುರು ದೋಣಿಯ ಮೇಲೆ ಹೆಪ್ಪುಗಟ್ಟಿತು. ಆ ಭಾರಕ್ಕೆ ದೋಣಿ ಮುಳುಗದಿರಲೆಂದು ಅವರು ಸರದಿಯಲ್ಲಿ ತೆವಳಿ ಹೋಗಿ ಮಂಜುಗಡ್ಡೆಯನ್ನು ಒಡೆದು ಹಾಕಿದರು. ಎಂಟನೆಯ ದಿನ ದೋಣಿ ಹಠಾತ್ತನೆ ಅಲೆಗಳಿಗೆ ಅಡ್ಡವಾಗಿ ತಿರುಗಿತು. ಹಗ್ಗ ಕಡಿದುಹೋಗಿತ್ತು, ಚೀಲವೂ ಇರಲಿಲ್ಲ. ಕಲ್ಲಿನಂತಾಗಿದ್ದ ಹಾಯಿಯನ್ನು ಬಡಿದು ಮಂಜು ಉದುರಿಸಿ ಮೇಲೇರಿಸದೆ ಬೇರೆ ದಾರಿ ಉಳಿಯಲಿಲ್ಲ. ಮೇ 10ರಂದು ಅವರು ಸೌತ್ ಜಾರ್ಜಿಯದ ನೆಲ ಮೆಟ್ಟಿದರು. ದ್ವೀಪದಲ್ಲಿ ಕಾದಿದ್ದ 22 ಮಂದಿಯೂ ಆಗಸ್ಟ್ 30ರಂದು ಬದುಕಿ ಬಂದರು.

ಸಂತ ಪೌಲರ ಹಡಗಿನಲ್ಲಿಯೂ ಇಂತಹ ಚೀಲವೇ ಇತ್ತೆ? ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಸ್ಕಾಟ್ಲೆಂಡಿನ ಜೇಮ್ಸ್ ಸ್ಮಿತ್ ಸ್ವತಃ ಹಾಯಿದೋಣಿ ನಡೆಸಿದವರು. 1848ರಲ್ಲಿ ಈ ಪಯಣದ ಕುರಿತು ಅವರು ಗ್ರಂಥವೊಂದನ್ನು ಪ್ರಕಟಿಸಿದರು. ಕೌದದಿಂದ ಮಾಲ್ಟಕ್ಕೆ ಸುಮಾರು 476 ಮೈಲಿ. ಗಂಟೆಗೆ ಒಂದೂವರೆ ಮೈಲಿಯಂತೆ ತೇಲಿದರೆ ಹದಿಮೂರು ದಿನಗಳಾಗುತ್ತವೆ. ಸಂತ ಲೂಕರ ಹದಿನಾಲ್ಕನೆಯ ರಾತ್ರಿಗೆ ಈ ಲೆಕ್ಕ ಸರಿಹೊಂದುತ್ತದೆ. ಆದರೆ ಆ ಗಾಳಿಯಲ್ಲಿ ಸುಮ್ಮನೆ ತೇಲಿದ ಹಡಗು ನೈಋತ್ಯಕ್ಕೆ, ಅಂದರೆ ಸುರ್ತಿಸಿನತ್ತಲೇ ಹೋಗಬೇಕಿತ್ತು. ಮಾಲ್ಟ ಇರುವುದು ಪಶ್ಚಿಮಕ್ಕೆ, ತುಸು ಉತ್ತರಕ್ಕೆ ವಾಲಿ. ಆದುದರಿಂದ ಅವರು ಇಳಿಸಿದ್ದು ಮೇಲಿನ ಹಾಯಿ, ಮರಗಳ ಸಲಕರಣೆಯನ್ನು. ಚಿಕ್ಕ ಹಾಯಿಯೊಂದನ್ನು ಉಳಿಸಿಕೊಂಡು ಹಡಗಿನ ಮೂತಿಯನ್ನು ಉತ್ತರದತ್ತ ಹಿಡಿದರು ಎಂಬುದು ಸ್ಮಿತ್ಥರ ವಾದ.

ಈ ವಾದ ಬಲವಾದದ್ದೇ. ಆದರೆ ವಾಸ್‌ನ ಅನುಭವವನ್ನು ನೋಡಿದರೆ ಚಿಕ್ಕ ಹಾಯಿಯೂ ತೇಲುಲಂಗರೂ ಒಂದರ ಬದಲಿಗೆ ಒಂದಲ್ಲ, ಜೊತೆಗೂಡಿ ದುಡಿಯುವಂತಹವು. ಮೇಲಾಗಿ ಸಂತ ಲೂಕರ ಶಬ್ದಪ್ರಯೋಗವನ್ನು ಗಮನಿಸಿ. ಹತ್ತನೆಯ ಅಧ್ಯಾಯದಲ್ಲಿ ಸಂತ ಪೇತ್ರರು ದರ್ಶನದಲ್ಲಿ ಕಂಡದ್ದು ನಾಲ್ಕು ಮೂಲೆಗಳಲ್ಲಿ ಹಿಡಿದು ಆಗಸದಿಂದ ಇಳಿಬಿಟ್ಟ ದೊಡ್ಡ ಬಟ್ಟೆಯಂತಹ ವಸ್ತುವನ್ನು. ಅದಕ್ಕೂ ಅವರು ಇಟ್ಟ ಹೆಸರು 'ಸ್ಕೆಯೊಸ್'. ಒಂಬತ್ತನೆಯ ಅಧ್ಯಾಯದಲ್ಲಿ ಪ್ರಭು ಅನನೀಯನಿಗೆ ಪೌಲರನ್ನು ಪರಿಚಯಿಸುವುದು ತಾನು ಆರಿಸಿಕೊಂಡ 'ಸ್ಕೆಯೊಸ್' ಎಂದೇ. ಅದೇ ಅಧ್ಯಾಯದಲ್ಲಿ ದಮಸ್ಕದ ಗೋಡೆಯಿಂದ ಶಿಷ್ಯರು ಪೌಲರನ್ನು ಬುಟ್ಟಿಯಲ್ಲಿಟ್ಟು ಕೆಳಗೆ ಬಿಟ್ಟರಲ್ಲವೆ? ಅಲ್ಲಿಯ ಕ್ರಿಯಾಪದವೂ ಹಡಗಿನಿಂದ ಆ ವಸ್ತುವನ್ನು ಇಳಿಸಿದಾಗಿನ ಕ್ರಿಯಾಪದವೂ ಒಂದೇ. ಇದರಿಂದ ನಾವಿಕರ ವಿವಾದ ತೀರುವುದಿಲ್ಲ, ನಿಜ. ಆದರೂ ನೀರಿಗಿಳಿದ ಚೀಲವನ್ನು ಈ ಪದಗಳು ಸಲೀಸಾಗಿ ಹೊರಬಲ್ಲವು ಎಂದೇ ನನಗೆ ತೋರುತ್ತದೆ.

ಹದಿನಾಲ್ಕನೆಯ ನಡುರಾತ್ರಿ ನಾವಿಕರು ಗುಂಡು ಬಿಟ್ಟು ಅಳೆದಾಗ ಆಳ 20 ಮಾರು. ಸ್ವಲ್ಪ ಮುಂದೆ 15 ಮಾರು. ಆಗ, ಆ ದಿನಗಳಲ್ಲೆಲ್ಲ ಮೊದಲ ಬಾರಿಗೆ, ತಳ ಮುಟ್ಟುವ ಲಂಗರುಗಳಿಗೆ ಕೆಲಸ ಬಂತು. ಹಿಂಭಾಗದಿಂದ ನಾಲ್ಕನ್ನು ಬಿಟ್ಟು, ಬೆಳಗಾಗಲೆಂದು ಪ್ರಾರ್ಥಿಸಿದರು. ಬೆಳಕು ಹರಿದ ಮೇಲೆ ಆ ನಾಲ್ಕನ್ನೂ ಕಡಲಿಗೇ ಬಿಟ್ಟು ದಡದತ್ತ ಸಾಗಿದರೆಂದು ಸಂತ ಲೂಕರು ತಪ್ಪದೆ ಬರೆದಿದ್ದಾರೆ. ಕೌದದ ಬಳಿ ಇಳಿಸಿದ ಆ ವಸ್ತುವನ್ನು ಮೇಲೆತ್ತಿದರೋ, ಹಗ್ಗ ಕಡಿದರೋ, ಅವರು ಹೇಳಿಲ್ಲ.